ಪ್ರೋಟೀನ್ ಡಬ್ಬ ಆಮೇಲೆ, ಮೊದಲು ತಟ್ಟೆ ನೋಡಿ

ಜಿಮ್‌ಗೆ ಸೇರಿದ ಮೊದಲ ತಿಂಗಳು ನನ್ನ ತೋಳು ಬೆಳೆಯಲಿಲ್ಲ, ಹೊಟ್ಟೆ ಉಬ್ಬಿತು. ಪಿಜಿಯಲ್ಲಿ ದಿನವೂ ಅನ್ನ, ತಿಳಿಸಾರು. ಅದರ ಮೇಲೆ ಟ್ರೈನರ್ ಹೇಳಿದ ವೇ ಪ್ರೋಟೀನ್ ಪೌಡರ್. ಗ್ಯಾಸು, ಮಲಬದ್ಧತೆ, ಸುಸ್ತು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಸೊಪ್ಪು, ಕಾಳು ತಿಂದು ಎಷ್ಟು ದಿನ ಆಯ್ತಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಏನಾಗಿತ್ತು ಅಂದರೆ, ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳಿವೆ. ನಮಗೆ ಅರಗದ ನಾರೇ ಅವುಗಳ ಊಟ. ಅದನ್ನು ತಿಂದು ಅವು ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಶಕ್ತಿ ಸಿಗುವುದು ಮುಖ್ಯವಾಗಿ ಅದರಿಂದಲೇ. ನನ್ನ ಊಟದಲ್ಲಿ ನಾರೇ ಇರಲಿಲ್ಲ. ಜೊತೆಗೆ ಅನೇಕ ವೇ ಪೌಡರ್‌ಗಳಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಉಳಿದಿರುತ್ತದೆ. ಅದು ಅರಗದವರಿಗೆ ಗ್ಯಾಸ್ ಗ್ಯಾರಂಟಿ.

ಕರುಳಿಗೂ ವ್ಯಾಯಾಮಕ್ಕೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಬಾಸ್ಟನ್ ಮ್ಯಾರಥಾನ್ ಓಡಿದವರ ಕರುಳಿನಲ್ಲಿ ಓಟದ ನಂತರ ವೀಲೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿದ್ದನ್ನು 2019ರ ಒಂದು ಅಧ್ಯಯನ ಗುರುತಿಸಿತು. ಸ್ನಾಯು ದುಡಿದಾಗ ಹುಟ್ಟುವ ಲ್ಯಾಕ್ಟೇಟ್ ಅದರ ಆಹಾರ. ಅದನ್ನು ಇಲಿಗಳಿಗೆ ಕೊಟ್ಟಾಗ ಅವು ಶೇ. 13ರಷ್ಟು ಹೆಚ್ಚು ಹೊತ್ತು ಓಡಿದವು. ಇಲಿಗೆ ಆಗಿದ್ದು ನಮಗೂ ಹಾಗೇ ಆಗುತ್ತದೆ ಅಂತಲ್ಲ. ಹಾಗಾಗಿ 'ಗಟ್ ಹೆಲ್ತ್' ಕ್ಯಾಪ್ಸೂಲ್ ಮಾರುವವರನ್ನು ನಂಬುವ ಮುಂಚೆ ಯೋಚಿಸಿ. ಸ್ನಾಯು ಬೆಳೆಸಲು ಪ್ರೋಟೀನ್ ಪೌಡರ್ ಬೇಡ ಎಂದು ಐಸಿಎಂಆರ್‌ನ ರಾಷ್ಟ್ರೀಯ ಪೋಷಣೆ ಸಂಸ್ಥೆಯೇ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ನಾನು ಮಾಡಿದ್ದು ಸರಳ. ಪೌಡರ್ ಬಿಟ್ಟೆ. ಮುದ್ದೆ, ಹುರುಳಿಕಾಳು, ಸೊಪ್ಪಿನ ಸಾರು, ಮಜ್ಜಿಗೆ, ಮೊಟ್ಟೆ ಶುರು ಮಾಡಿದೆ. ನಾರನ್ನು ಒಮ್ಮೆಲೇ ಹೆಚ್ಚಿಸಬೇಡಿ, ನೀರು ಜಾಸ್ತಿ ಕುಡಿಯಿರಿ. ಹೊಟ್ಟೆ ತುಂಬ ಉಂಡು ಓಡಬೇಡಿ. ಓಡುವಾಗ ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ, ಕರುಳಿಗೆ ಕಡಿಮೆಯಾಗುತ್ತದೆ. ಎರಡು ಮೂರು ವಾರದಲ್ಲಿ ನನ್ನ ಹೊಟ್ಟೆ ಹಗುರಾಯಿತು.

ಆದರೆ ಇದು ಬರೀ ನನ್ನ ಶಿಸ್ತಿನ ಕತೆ ಅಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. 2013ರಲ್ಲಿ ಬಂದ ಅನ್ನಭಾಗ್ಯ ಹಸಿವನ್ನು ತಡೆದಿದೆ, ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಆದರೆ ಹೊಟ್ಟೆ ತುಂಬಿದ ಮೇಲೆ ಕೇಳಬೇಕಾದ ಮುಂದಿನ ಪ್ರಶ್ನೆಯೊಂದಿದೆ: ರೇಷನ್‌ನಲ್ಲಿ ರಾಗಿ, ಜೋಳ, ಬೇಳೆ ಎಷ್ಟು? ಹಾಸ್ಟೆಲ್ ತಟ್ಟೆಯಲ್ಲಿ ವಾರಕ್ಕೆ ಎಷ್ಟು ಸಲ ಸೊಪ್ಪು? ದುಡ್ಡಿದ್ದವರು ಡಯಟ್ ಪ್ಲಾನ್ ಕೊಂಡುಕೊಳ್ಳುತ್ತಾರೆ. ಉಳಿದವರ ಡಯಟ್ ಪ್ಲಾನ್ ಬರೆಯುವುದು ಸರ್ಕಾರದ ಟೆಂಡರ್ ಮತ್ತು ಹಾಸ್ಟೆಲ್ ಮೆನು. ಅಲ್ಲಿ ಏನು ಬರೆದಿದೆ ಅಂತ ಈ ವಾರವೇ ಕೇಳಿ ನೋಡಿ.