ಮಕ್ಕಳೊಂದಿಗೆ ವಿದೇಶದಲ್ಲಿರುವ ಹಿರಿಯರ ಸರ್ಕಾರಿ ಪಿಂಚಣಿ: ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರು ಪತಿಯ ನಿಧನದ ನಂತರ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋದರು ಎಂದಿಟ್ಟುಕೊಳ್ಳೋಣ. ಆರು ತಿಂಗಳಿಗೆಂದು ಹೋದವರು ಮೊಮ್ಮಗುವಿನ ಬಾಣಂತನ, ಮಂಡಿನೋವು, ಚಳಿಗಾಲ ಎಂದು ಅಲ್ಲೇ ಉಳಿದರು. ನವೆಂಬರ್ ಬಂತು, ಹೋಯಿತು. ಜನವರಿಯಲ್ಲಿ ಊರಿನ ಬಸದಿಯ ಪೂಜೆಗೆ ಹಣ ಕಳುಹಿಸಲು ಖಾತೆ ನೋಡಿದರೆ ಪಿಂಚಣಿಯೇ ಜಮೆಯಾಗಿಲ್ಲ. "ಅಮ್ಮಾ, ನಾನು ಕೊಡ್ತೀನಿ ಬಿಡಿ" ಎಂದು ಮಗಳು ಹೇಳುತ್ತಾಳೆ. ಆದರೆ ಮೂವತ್ತು ವರ್ಷ ಪಾಠ ಹೇಳಿ ಗಳಿಸಿದ ಹಣಕ್ಕೂ ಮಗಳು ಪ್ರೀತಿಯಿಂದ ಕೊಡುವ ಹಣಕ್ಕೂ ವ್ಯತ್ಯಾಸವಿದೆ. ದಾನ ಕೊಡುವಾಗ, ಔಷಧಿ ತರಿಸುವಾಗ, ಮೊಮ್ಮಗುವಿನ ಕೈಗೆ ಏನಾದರೂ ಇಡುವಾಗ ಆ ವ್ಯತ್ಯಾಸ ಹಿರಿಯರಿಗೆ ಗೊತ್ತಾಗುತ್ತದೆ.

ನಮ್ಮ ಸಮಾಜದಲ್ಲಿ ಶಿಕ್ಷಕರಾಗಿ, ಕಂದಾಯ ಇಲಾಖೆಯಲ್ಲಿ, ರೈಲ್ವೆಯಲ್ಲಿ, ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರ ಮಕ್ಕಳು ಅಮೆರಿಕ, ಆಸ್ಟ್ರೇಲಿಯಾ, ಸಿಂಗಾಪುರ, ದುಬೈಗಳಲ್ಲಿದ್ದಾರೆ. ಇಂತಹ ಕುಟುಂಬಗಳು ಮೊದಲು ತಿಳಿಯಬೇಕಾದ ಸಂಗತಿ ಒಂದೇ. ಸಮುದ್ರ ದಾಟಿದ ಮಾತ್ರಕ್ಕೆ ಪಿಂಚಣಿ ನಿಲ್ಲುವುದಿಲ್ಲ. ಕಾಗದಪತ್ರ ತಪ್ಪಿದರೆ ನಿಲ್ಲುತ್ತದೆ. ಹೊರಡುವ ಮೊದಲು ಒಂದು ವಾರ ಓಡಾಡಿದರೆ ಮುಂದಿನ ಹಲವು ವರ್ಷಗಳ ಚಿಂತೆ ತಪ್ಪುತ್ತದೆ.

ಇಲ್ಲಿ ಹೇಳುತ್ತಿರುವುದು ಸರ್ಕಾರಿ ಸೇವೆಗಾಗಿ ಬರುವ ಪಿಂಚಣಿ ಮತ್ತು ಕುಟುಂಬ ಪಿಂಚಣಿಯ ವಿಷಯ. ಸಂಧ್ಯಾ ಸುರಕ್ಷಾ, ವಿಧವಾ ವೇತನ ಮುಂತಾದವು ಇಲ್ಲಿ ವಾಸವಿರುವ ಅಗತ್ಯವುಳ್ಳವರಿಗೆ ಸರ್ಕಾರ ನೀಡುವ ನೆರವು. ಅವುಗಳ ನಿಯಮ ಬೇರೆ.

ನವೆಂಬರ್ ತಿಂಗಳ ಮಹತ್ವ

ಪಿಂಚಣಿದಾರರು ಜೀವಂತವಾಗಿದ್ದಾರೆ ಎಂಬ ದಾಖಲೆ ವರ್ಷಕ್ಕೊಮ್ಮೆ ಪಿಂಚಣಿ ಕೊಡುವ ಬ್ಯಾಂಕಿಗೆ ಅಥವಾ ಕಚೇರಿಗೆ ತಲುಪಬೇಕು. ಇದೇ ಜೀವಿತ ಪ್ರಮಾಣಪತ್ರ, ಅಂದರೆ ಲೈಫ್ ಸರ್ಟಿಫಿಕೇಟ್. ಸರ್ಕಾರಿ ಪಿಂಚಣಿದಾರರು ಇದನ್ನು ನವೆಂಬರ್ ತಿಂಗಳಲ್ಲಿ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಭವಿಷ್ಯ ನಿಧಿಯ ಪಿಂಚಣಿ ಪಡೆಯುವವರಿಗೆ ಮಾತ್ರ ನವೆಂಬರ್ ಎಂಬ ಕಟ್ಟಿಲ್ಲ. ಅವರು ಕೊಟ್ಟ ದಿನದಿಂದ ಒಂದು ವರ್ಷ ಪ್ರಮಾಣಪತ್ರ ನಡೆಯುತ್ತದೆ.

ನೆನಪಿಟ್ಟುಕೊಳ್ಳಲು ಸುಲಭದ ದಾರಿಯಿದೆ. ದೀಪಾವಳಿ ಅಮಾವಾಸ್ಯೆ ಭಗವಾನ್ ಮಹಾವೀರರ ನಿರ್ವಾಣದ ದಿನ. ಮರುದಿನದಿಂದ ವೀರ ನಿರ್ವಾಣ ಸಂವತ್ಸರ ಬದಲಾಗುತ್ತದೆ, ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆಯಾಗುತ್ತದೆ. ಪಿಂಚಣಿಯ ಹೊಸ ಲೆಕ್ಕವೂ ಅದೇ ಹೊತ್ತಿನಲ್ಲಿ ಶುರುವಾಗುತ್ತದೆ. ನಿರ್ವಾಣ ಲಾಡು ಅರ್ಪಿಸಿದ ಮೇಲೆ "ಅಜ್ಜಿಯ ಪ್ರಮಾಣಪತ್ರ ಆಯಿತೇ?" ಎಂದು ಕೇಳುವ ರೂಢಿ ಮನೆಯಲ್ಲಿದ್ದರೆ ಸಾಕು.

ಅವಧಿ ತಪ್ಪಿದರೆ ಗಾಬರಿ ಬೇಡ. ಪಿಂಚಣಿಯ ಹಕ್ಕು ಹೋಗುವುದಿಲ್ಲ. ಹಣವನ್ನು ತಡೆಹಿಡಿಯುತ್ತಾರೆ ಅಷ್ಟೇ. ಪ್ರಮಾಣಪತ್ರ ತಲುಪಿದ ಮೇಲೆ ಬಾಕಿಯೊಂದಿಗೆ ಮತ್ತೆ ಆರಂಭವಾಗುತ್ತದೆ. ಆದರೆ ಹಲವು ವರ್ಷ ಸುಮ್ಮನಿದ್ದರೆ ಬ್ಯಾಂಕ್ ತಾನೇ ಆರಂಭಿಸಲು ಬರುವುದಿಲ್ಲ, ಮೇಲಿನ ಕಚೇರಿಯ ಒಪ್ಪಿಗೆ ಬೇಕಾಗುತ್ತದೆ. ಆಗ ಓಡಾಟ ಹೆಚ್ಚು.

ವಿದೇಶದಿಂದ ಪ್ರಮಾಣಪತ್ರ ಕೊಡಲು ಮೂರು ದಾರಿ

ಮೊದಲನೆಯದು ಮೊಬೈಲ್ ದಾರಿ. ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ 2014ರ ನವೆಂಬರ್‌ನಲ್ಲಿ ಆರಂಭವಾಯಿತು. ಆಗ ಬೆರಳಚ್ಚು ಅಥವಾ ಕಣ್ಣಿನ ಗುರುತು ಕೊಡುವ ಯಂತ್ರ ಬೇಕಿತ್ತು. 2021ರ ನವೆಂಬರ್‌ನಿಂದ ಮುಖದ ಗುರುತಿನ ವ್ಯವಸ್ಥೆಯೂ ಬಂದಿದೆ. ಕ್ಯಾಮೆರಾ ಇರುವ ಸ್ಮಾರ್ಟ್‌ಫೋನ್, ಆಧಾರ್ ಸಂಖ್ಯೆ, ಪಿಂಚಣಿ ಪಾವತಿ ಆದೇಶದ (ಪಿಪಿಓ) ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಸಂಖ್ಯೆ ಇದ್ದರೆ ಮನೆಯಲ್ಲೇ ಕುಳಿತು ಮುಗಿಸಬಹುದು. ಬೆರಳ ಗೆರೆ ಸವೆದು ಯಂತ್ರ ಗುರುತಿಸದ ಹಿರಿಯರಿಗೆ ಇದು ದೊಡ್ಡ ಅನುಕೂಲ. ಕೊನೆಯಲ್ಲಿ ಬರುವ ಪ್ರಮಾಣ್ ಐಡಿಯನ್ನು ಬರೆದಿಟ್ಟುಕೊಳ್ಳಬೇಕು.

ಇದರಲ್ಲಿ ಎರಡು ಎಚ್ಚರಿಕೆ. ನಿಮ್ಮ ಪಿಂಚಣಿ ಕೊಡುವ ಇಲಾಖೆ ಮತ್ತು ಬ್ಯಾಂಕ್ ಆ ವ್ಯವಸ್ಥೆಯ ಪಟ್ಟಿಯಲ್ಲಿವೆಯೇ ಎಂದು ಮೊದಲೇ ನೋಡಬೇಕು. ರಾಜ್ಯ ಸರ್ಕಾರದ ಪಿಂಚಣಿದಾರರು ತಮ್ಮ ಶಾಖೆಯಲ್ಲಿ ಇದನ್ನು ಕೇಳಿಯೇ ಹೊರಡುವುದು ಒಳ್ಳೆಯದು. ಎರಡನೆಯದಾಗಿ, ಮೊಬೈಲ್‌ನಲ್ಲಿ ಆಯಿತು ಎಂದು ಬಂದರೆ ಕೆಲಸ ಮುಗಿದಂತಲ್ಲ. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೂ ಪಿಂಚಣಿ ಕಚೇರಿ ಅದನ್ನು ತಿರಸ್ಕರಿಸಬಹುದು. ಕೆಲವು ದಿನ ಬಿಟ್ಟು ಸ್ವೀಕೃತವಾಗಿದೆಯೇ ಎಂದು ಪರಿಶೀಲಿಸಬೇಕು. ಮರುಮದುವೆಯಾದವರು ಅಥವಾ ಮರುನೇಮಕಗೊಂಡವರು ಡಿಜಿಟಲ್ ಪ್ರಮಾಣಪತ್ರ ಕೊಡುವಂತಿಲ್ಲ, ಅವರು ಕಾಗದದಲ್ಲೇ ಕೊಡಬೇಕು.

ಎರಡನೆಯದು ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ದಾರಿ. ಪಾಸ್‌ಪೋರ್ಟ್, ಪಿಪಿಓ ಪ್ರತಿ ಮತ್ತು ತುಂಬಿದ ನಮೂನೆ ತೆಗೆದುಕೊಂಡು ಹೋದರೆ ಅಲ್ಲಿನ ಅಧಿಕಾರಿ ಗುರುತು ನೋಡಿ ಸಹಿ ಮಾಡಿ ಕೊಡುತ್ತಾರೆ. ಅಮೆರಿಕದಲ್ಲಿ ವಾಷಿಂಗ್ಟನ್‌ನ ರಾಯಭಾರ ಕಚೇರಿಯಲ್ಲದೆ ನ್ಯೂಯಾರ್ಕ್, ಶಿಕಾಗೋ, ಹ್ಯೂಸ್ಟನ್, ಸ್ಯಾನ್ ಫ್ರಾನ್ಸಿಸ್ಕೋ, ಅಟ್ಲಾಂಟಾ, ಸಿಯಾಟಲ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ. ಯಾವ ರಾಜ್ಯದವರು ಎಲ್ಲಿಗೆ ಹೋಗಬೇಕೆಂಬುದು ಗೊತ್ತಾಗಿದೆ. ನವೆಂಬರ್‌ನಲ್ಲಿ ಹಲವು ಕಡೆ ಇದಕ್ಕಾಗಿಯೇ ಶಿಬಿರಗಳೂ ನಡೆಯುತ್ತವೆ.

ಮೂರನೆಯದು ಸಹಿಯ ದಾರಿ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ವಿದೇಶದಲ್ಲಿರುವ ಪಿಂಚಣಿದಾರರ ಪರವಾಗಿ ಅವರ ಅಧಿಕೃತ ಪ್ರತಿನಿಧಿಯು ಮ್ಯಾಜಿಸ್ಟ್ರೇಟ್, ನೋಟರಿ, ಬ್ಯಾಂಕ್ ಅಧಿಕಾರಿ ಅಥವಾ ಭಾರತದ ರಾಜತಾಂತ್ರಿಕ ಪ್ರತಿನಿಧಿ ಸಹಿ ಮಾಡಿದ ಪ್ರಮಾಣಪತ್ರವನ್ನು ಇಲ್ಲಿ ಸಲ್ಲಿಸಬಹುದು. ಆಗ ಪಿಂಚಣಿದಾರರು ಖುದ್ದಾಗಿ ಬರಬೇಕಿಲ್ಲ. ಕಾನ್ಸುಲೇಟ್ ದೂರವಿರುವವರಿಗೆ, ಹಾಸಿಗೆ ಹಿಡಿದವರಿಗೆ ಇದು ಉಪಯೋಗ. ಕಳುಹಿಸಿದ ಕಾಗದಕ್ಕೆ ಬ್ಯಾಂಕಿನಿಂದ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಯಾವ ಖಾತೆ? ಯಾರ ಸಹಿ?

ಮಗನ ಮನೆಗೆ ನಾಲ್ಕು ತಿಂಗಳು ಹೋಗಿ ಬರುವವರು ಖಾತೆ ಬದಲಿಸಬೇಕಾಗಿಲ್ಲ. ಆದರೆ ಅಲ್ಲೇ ನೆಲೆಸಲು ಅಥವಾ ಎಂದು ಮರಳುವುದೆಂಬ ನಿಶ್ಚಯವಿಲ್ಲದೆ ಹೋದವರು ವಿದೇಶಿ ವಿನಿಮಯ ಕಾನೂನಿನ ದೃಷ್ಟಿಯಲ್ಲಿ ಅನಿವಾಸಿಗಳಾಗುತ್ತಾರೆ. ಅವರು ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಬದಲಿಸಿಕೊಳ್ಳಬೇಕು. ಪಿಂಚಣಿ ಎನ್‌ಆರ್‌ಓ ಖಾತೆಗೆ ಜಮೆಯಾಗಬಹುದು. ಪಿಂಚಣಿ ಚಾಲ್ತಿ ಆದಾಯವಾದ್ದರಿಂದ ತೆರಿಗೆ ಕಳೆದು ಉಳಿದ ಹಣವನ್ನು ವಿದೇಶದ ಖಾತೆಗೆ ಕಳುಹಿಸಿಕೊಳ್ಳಲೂ ಅವಕಾಶವಿದೆ. ಖಾತೆ ಬದಲಾಯಿಸುವಾಗ ಪಿಂಚಣಿ ವಿಭಾಗಕ್ಕೂ ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಖಾತೆ ಒಂದು ಕಡೆ, ಪಿಂಚಣಿಯ ದಾಖಲೆ ಇನ್ನೊಂದು ಕಡೆ ಆಗುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ವಿಷಯದಲ್ಲಿ. ಊರಿನಲ್ಲಿರುವ ತಮ್ಮನಿಗೋ ಅಳಿಯನಿಗೋ ಜಿಪಿಎ ಬರೆದುಕೊಟ್ಟರೆ ಅವನೇ ಪಿಂಚಣಿ ತೆಗೆದು ನೋಡಿಕೊಳ್ಳುತ್ತಾನೆ ಎಂದು ಭಾವಿಸುತ್ತಾರೆ. ಜಿಪಿಎ ಪಡೆದವರು ಪಿಂಚಣಿ ಖಾತೆಯನ್ನು ನಡೆಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ತಿಳಿಸಿದೆ. ಚೆಕ್ ಪುಸ್ತಕ ಪಡೆಯಬಹುದು. ಪ್ರತಿ ತಿಂಗಳು ಇಷ್ಟು ಹಣ ಇಂತಹ ಖಾತೆಗೆ ಹೋಗಲಿ ಎಂದು ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಬಹುದು. ಊರಿನ ಮನೆಯ ಕರೆಂಟ್ ಬಿಲ್ಲು, ಕೆಲಸದವರ ಸಂಬಳ, ಬಸದಿಯ ನಿತ್ಯ ಪೂಜೆಯ ಕಾಣಿಕೆ ಇವಕ್ಕೆಲ್ಲ ಈ ಸೂಚನೆಯೇ ಸಾಕು.

ಪತಿ ಪತ್ನಿ ಇಬ್ಬರೂ ಇದ್ದರೆ ಜಂಟಿ ಖಾತೆ ಮಾಡಿಸಿಕೊಳ್ಳುವುದು ಉತ್ತಮ. ಪಿಪಿಓದಲ್ಲಿ ಕುಟುಂಬ ಪಿಂಚಣಿಗೆ ಹೆಸರಿರುವ ಸಂಗಾತಿಯೊಂದಿಗೆ ಜಂಟಿ ಖಾತೆಯಿದ್ದರೆ, ಒಬ್ಬರು ತೀರಿಕೊಂಡಾಗ ಇನ್ನೊಬ್ಬರು ಕುಟುಂಬ ಪಿಂಚಣಿಗಾಗಿ ಹೊಸ ಖಾತೆ ತೆರೆಯಬೇಕಿಲ್ಲ.

ತೆರಿಗೆಯ ಲೆಕ್ಕ ಬದಲಾಗುತ್ತದೆ

ಭಾರತದಲ್ಲಿ ಮಾಡಿದ ಸೇವೆಗೆ ಇಲ್ಲೇ ಜಮೆಯಾಗುವ ಪಿಂಚಣಿ ಅನಿವಾಸಿಯಾದರೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಯಾರು ಅನಿವಾಸಿ ಎಂಬುದು ಆರ್ಥಿಕ ವರ್ಷದಲ್ಲಿ ಇಲ್ಲಿದ್ದ ದಿನಗಳ ಮೇಲೆ ನಿಲ್ಲುತ್ತದೆ. 182 ದಿನ ಎಂಬ ಸಂಖ್ಯೆ ಎಲ್ಲರಿಗೂ ಗೊತ್ತು. ಅದೊಂದೇ ಸಾಲದು, ಹಿಂದಿನ ನಾಲ್ಕು ವರ್ಷ ಇಲ್ಲಿ ಎಷ್ಟು ದಿನ ಇದ್ದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಪಾಸ್‌ಪೋರ್ಟಿನ ಮೊಹರುಗಳ ಪ್ರತಿ ತೆಗೆದಿಡಬೇಕು.

ವ್ಯತ್ಯಾಸ ಎಷ್ಟಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. 2025-26ರ ಆರ್ಥಿಕ ವರ್ಷದಲ್ಲಿ ಒಬ್ಬರ ಪಿಂಚಣಿ 9 ಲಕ್ಷ ರೂಪಾಯಿ, ಬೇರೆ ಆದಾಯವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಕಳೆದರೆ 8.25 ಲಕ್ಷ ಉಳಿಯುತ್ತದೆ. 4 ಲಕ್ಷದವರೆಗೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000, ಅದರ ಮೇಲಿನ 25,000ಕ್ಕೆ ಶೇ. 10ರಂತೆ 2,500. ಒಟ್ಟು 22,500, ಶೇ. 4 ಸೆಸ್ ಸೇರಿ 23,400 ರೂಪಾಯಿ. ಇಲ್ಲಿ ವಾಸವಿರುವವರಿಗೆ 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಿಂದ ಇದು ಸೊನ್ನೆಯಾಗುತ್ತದೆ. ಅನಿವಾಸಿಗಳಿಗೆ ಆ ರಿಯಾಯಿತಿ ಇಲ್ಲ, ಅವರು 23,400 ಕಟ್ಟಬೇಕು. ಎನ್‌ಆರ್‌ಓ ಖಾತೆಯ ಬಡ್ಡಿಗೂ ಶೇ. 30 ಮತ್ತು ಸೆಸ್ ಮೂಲದಲ್ಲೇ ಕಡಿತವಾಗುತ್ತದೆ. ಬಡ್ಡಿಗೆ ಕಡಿತ ಬೇಡವೆಂದು ಹಿರಿಯರು ಪ್ರತಿ ವರ್ಷ ಕೊಡುತ್ತಿದ್ದ 15ಎಚ್ ನಮೂನೆ ಅನಿವಾಸಿಗಳಿಗೆ ಸಲ್ಲುವುದಿಲ್ಲ. ಅಭ್ಯಾಸಬಲದಿಂದ ಅದನ್ನು ಕೊಟ್ಟರೆ ತಪ್ಪು ಹೇಳಿಕೆ ಕೊಟ್ಟಂತಾಗುತ್ತದೆ.

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಅಥವಾ ಪೌರತ್ವ ಪಡೆದವರು ಜಗತ್ತಿನ ಎಲ್ಲಿನ ಆದಾಯವನ್ನೂ ಅಲ್ಲಿನ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ಎರಡು ದೇಶಗಳ ನಡುವೆ ಒಪ್ಪಂದವಿರುವುದರಿಂದ ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬೀಳದಂತೆ ಪರಿಹಾರ ಪಡೆಯಬಹುದು. ಸರ್ಕಾರಿ ಪಿಂಚಣಿಗೆ ಆ ಒಪ್ಪಂದದಲ್ಲಿ ಪ್ರತ್ಯೇಕ ನಿಯಮವೇ ಇದೆ, ವಾಸ ಮತ್ತು ಪೌರತ್ವಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ. ಇದಲ್ಲದೆ ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಅಲ್ಲಿನ ಸರ್ಕಾರಕ್ಕೆ ವರದಿ ಕೊಡಬೇಕು. ಊರಿನ ಠೇವಣಿಯೂ ಇದರಲ್ಲಿ ಸೇರುತ್ತದೆ. ಹೀಗಾಗಿ ಎರಡೂ ದೇಶದ ನಿಯಮ ಬಲ್ಲ ಲೆಕ್ಕ ಪರಿಶೋಧಕರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಮರಣದ ನಂತರ ಮಾಡಬೇಕಾದ್ದು

ವಿದೇಶದಲ್ಲಿ ಹಿರಿಯರು ದೇಹ ಬಿಟ್ಟರೆ ಊರಿನ ಬ್ಯಾಂಕಿಗೆ ಆ ಸುದ್ದಿ ತಾನಾಗಿ ತಲುಪುವುದಿಲ್ಲ. ಮುಂದಿನ ನವೆಂಬರ್‌ವರೆಗೂ ಪಿಂಚಣಿ ಜಮೆಯಾಗುತ್ತಲೇ ಇರಬಹುದು. ದುಃಖದಲ್ಲಿ ಮರೆತುಹೋಯಿತು ಎಂಬುದು ನಿಜವಿರಬಹುದು. ಆದರೆ ಆ ಹಣ ಕುಟುಂಬದ್ದಲ್ಲ. ಪಾಸ್‌ವರ್ಡ್ ಗೊತ್ತಿದೆ ಎಂದು ತೆಗೆದು ಬಳಸಿದರೆ ಬ್ಯಾಂಕ್ ಅದನ್ನು ವಾಪಸು ಕೇಳುತ್ತದೆ, ಕಾನೂನಿನ ತೊಡಕೂ ಬರಬಹುದು. ಅದಕ್ಕಿಂತ ಮುಖ್ಯವಾಗಿ, ಕೊಡದಿರುವುದನ್ನು ತೆಗೆದುಕೊಳ್ಳದಿರುವುದೇ ಅಚೌರ್ಯಾಣುವ್ರತ. ಜೀವನವಿಡೀ ವ್ರತ ಪಾಲಿಸಿದ ತಂದೆತಾಯಿಯ ಹೆಸರಿನಲ್ಲಿ ಆ ದೋಷ ತಗಲಬಾರದು.

ಮರಣ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಬ್ಯಾಂಕಿಗೆ ತಿಳಿಸಬೇಕು. ಸಂಗಾತಿಗೆ ಕುಟುಂಬ ಪಿಂಚಣಿ ಆರಂಭವಾಗಲೂ ಇದೇ ಮೊದಲ ಹೆಜ್ಜೆ. ತಿಳಿಸುವುದು ತಡವಾದಷ್ಟೂ ಅವರಿಗೆ ನ್ಯಾಯವಾಗಿ ಬರಬೇಕಾದ ಹಣವೂ ತಡವಾಗುತ್ತದೆ.

ಹೊರಡುವ ಮೊದಲು ಒಂದು ವಾರ

ಪಿಪಿಓ ಮೂಲ ಪ್ರತಿಯನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಹೆಸರು, ಜನ್ಮದಿನಾಂಕ, ಸಂಗಾತಿಯ ಹೆಸರು ಆಧಾರ್ ಮತ್ತು ಪಾಸ್‌ಪೋರ್ಟಿಗೆ ಹೊಂದುತ್ತವೆಯೇ ನೋಡಿ. ಒಂದು ಕಡೆ ಊರ ಹೆಸರು, ಇನ್ನೊಂದು ಕಡೆ ಜೈನ್ ಎಂದು ಇರುವುದು ನಮ್ಮಲ್ಲಿ ಸಾಮಾನ್ಯ. ತಿದ್ದುಪಡಿಯನ್ನು ಇಲ್ಲಿದ್ದಾಗಲೇ ಮಾಡಿಸಿ. ಜನ್ಮದಿನಾಂಕ ಸರಿಯಿರುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದಾಗ ಮೂಲ ಪಿಂಚಣಿಯ ಶೇ. 20, 85ಕ್ಕೆ ಶೇ. 30 ಹೀಗೆ ಹೆಚ್ಚುವರಿ ಪಿಂಚಣಿ ಸಿಗುತ್ತದೆ.

ಆಧಾರ್ ಮತ್ತು ಬ್ಯಾಂಕಿಗೆ ಒಂದೇ ಮೊಬೈಲ್ ಸಂಖ್ಯೆ ಜೋಡಿಸಿ, ಅದಕ್ಕೆ ವಿದೇಶದಲ್ಲೂ ಒಟಿಪಿ ಬರುವಂತೆ ರೋಮಿಂಗ್ ಮಾಡಿಸಿ. ರೀಚಾರ್ಜ್ ಇಲ್ಲದೆ ಸಿಮ್ ಸತ್ತರೆ ಖಾತೆಯ ಬಾಗಿಲೇ ಮುಚ್ಚಿದಂತೆ. ಮುಖದ ಗುರುತಿನ ಪ್ರಯೋಗವನ್ನು ಇಲ್ಲಿದ್ದಾಗ ಒಮ್ಮೆ ಮಾಡಿ ನೋಡಿ. ಬ್ಯಾಂಕಿಗೆ ವಿದೇಶದ ವಿಳಾಸ ಮತ್ತು ಇಮೇಲ್ ಕೊಡಿ. ಖಾತೆಗೆ ನಾಮನಿರ್ದೇಶನ ಆಗಿದೆಯೇ ಖಚಿತಪಡಿಸಿಕೊಳ್ಳಿ. ಪಿಪಿಓ, ಪ್ಯಾನ್, ಆಧಾರ್, ಪಾಸ್‌ಬುಕ್ ಪ್ರತಿಗಳ ಒಂದು ಕಡತ ಹಿರಿಯರ ಬಳಿ, ಇನ್ನೊಂದು ಊರಿನಲ್ಲಿ ನಂಬಿಕೆಯ ಒಬ್ಬರ ಬಳಿ ಇರಲಿ.

ಮಕ್ಕಳು ಟಿಕೆಟ್, ವೀಸಾ, ವಿಮೆ ಎಲ್ಲವನ್ನೂ ಮುತುವರ್ಜಿಯಿಂದ ಮಾಡಿಸುತ್ತಾರೆ. ಆ ಪಟ್ಟಿಗೆ ಪಿಂಚಣಿಯ ಕಡತವೂ ಸೇರಲಿ. ತಿಂಗಳ ಕೊನೆಯಲ್ಲಿ ತನ್ನ ಹಣ ತನ್ನ ಖಾತೆಗೆ ಬಂತು ಎಂಬ ಸಂದೇಶ ನೋಡಿ, ಊರಿನ ಬಸದಿಗೆ ತನ್ನ ಕೈಯಾರೆ ಕಾಣಿಕೆ ಕಳುಹಿಸುವ ಅಜ್ಜಿ ಪರದೇಶದಲ್ಲಿದ್ದರೂ ತನ್ನ ಕಾಲ ಮೇಲೆ ತಾನು ನಿಂತಿರುತ್ತಾಳೆ.

ಜೈ ಜಿನೇಂದ್ರ.