ಸಲಕರಣೆಗೊಂದು ಟ್ಯಾಗ್, ದಾರಿಹೋಕರ ಫೋನಿನ ಹಂಗು

ಕಟ್ಟಡ ಕೆಲಸದ ಮಿಷನ್ನುಗಳಿಗೆ ಅಂಟಿಸುವ ಬ್ಲೂಟೂತ್ ಟ್ಯಾಗ್ ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ಅಗಲವಾದ ಪುಟ್ಟ ರೇಡಿಯೋ. ಒಳಗಿರುವುದು ಮುಖ್ಯವಾಗಿ ಒಂದು ಚಿಪ್, ಒಂದು ಆಂಟೆನಾ, ಕೈಗಡಿಯಾರದಲ್ಲಿ ಇರುವಂಥ 3 ವೋಲ್ಟಿನ ಸಿಆರ್2032 ಸೆಲ್. ಜಿಪಿಎಸ್ ಇಲ್ಲ, ಸಿಮ್ ಕಾರ್ಡೂ ಇಲ್ಲ. ಹಾಗಾಗಿ ತಾನೆಲ್ಲಿದ್ದೇನೆ ಎಂಬುದು ಟ್ಯಾಗಿಗೇ ಗೊತ್ತಿರುವುದಿಲ್ಲ. ಆಗಾಗ ತನ್ನ ಗುರುತಿನ ಸಂಖ್ಯೆಯನ್ನು ಗಾಳಿಗೆ ಬಿಡುವುದಷ್ಟೇ ಅದರ ಕೆಲಸ. ಹತ್ತಿರದಲ್ಲಿ ಹಾದುಹೋಗುವ ಯಾರದೋ ಫೋನು ಅದನ್ನು ಕೇಳಿಸಿಕೊಂಡು, ಆ ಕ್ಷಣ ತಾನಿರುವ ಜಾಗವನ್ನು ಜೊತೆಗೆ ಸೇರಿಸಿ, ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿಗೆ ಕಳಿಸುತ್ತದೆ. ಮಿಷನ್ನಿನ ಮಾಲೀಕ ತನ್ನ ಮೊಬೈಲಿನ ಭೂಪಟದಲ್ಲಿ ನೋಡುವ ಚುಕ್ಕೆ ಹೀಗೆ ಬಂದದ್ದು. ಫೋನಿನ ಒಡೆಯನಿಗೆ ಈ ವ್ಯವಹಾರದ ಸುಳಿವೂ ಇರುವುದಿಲ್ಲ. ಮಾಹಿತಿ ಗೂಢಲಿಪಿಯಲ್ಲಿ ಹೋಗುವುದರಿಂದ ಅದನ್ನು ಬಿಡಿಸಿ ಓದುವ ಕೀಲಿ ಟ್ಯಾಗಿನ ಮಾಲೀಕನ ಬಳಿ ಮಾತ್ರ ಇರುತ್ತದೆ.

ಇಷ್ಟು ಸಣ್ಣ ಸೆಲ್ಲಿನಲ್ಲಿ ವರ್ಷಗಟ್ಟಲೆ ಕೆಲಸ ನಡೆಯುವುದಕ್ಕೆ 2010ರಲ್ಲಿ ಬಂದ ಬ್ಲೂಟೂತ್ 4.0 ಕಾರಣ. ಹಾಡು ಕೇಳುವ ಹೆಡ್‌ಫೋನಿನ ಬ್ಲೂಟೂತ್ ಸಂಪರ್ಕವನ್ನು ಬಿಡದೆ ಹಿಡಿದುಕೊಂಡಿರಬೇಕು. ಈ ಹೊಸ ಬಗೆಯ ರೇಡಿಯೋ ಹಾಗಲ್ಲ, ಹೆಚ್ಚು ಹೊತ್ತು ನಿದ್ರೆಯಲ್ಲೇ ಇರುತ್ತದೆ. ನಡುನಡುವೆ ಎದ್ದು, ಕೆಲವೇ ಬೈಟುಗಳ ಸಂದೇಶ ಕಳಿಸಿ, ಮತ್ತೆ ಮಲಗುತ್ತದೆ. ಅದಕ್ಕೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 40 ಚಾನೆಲ್‌ಗಳಿದ್ದು, ಅವುಗಳಲ್ಲಿ 3 ಇಂಥ ಸಾರುವಿಕೆಗೆಂದೇ ಮೀಸಲು. ಕಡಿಮೆ ಶಕ್ತಿಯ ಸಾಧನಗಳು ಈ ಪಟ್ಟಿಯನ್ನು ಲೈಸೆನ್ಸಿಲ್ಲದೆ ಬಳಸಲು ಭಾರತದಲ್ಲಿ 2005ರ ನಿಯಮ ಅವಕಾಶ ಕೊಟ್ಟಿದೆ.

ಕಡಿಮೆ ಶಕ್ತಿಯಿಂದ ಲಾಭವಿರುವಂತೆ ನಷ್ಟವೂ ಇದೆ. ಟ್ಯಾಗ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ಮಿಲಿವ್ಯಾಟಿನ ಆಸುಪಾಸಿನದು. ಅಡ್ಡಿಯಿಲ್ಲದ ಬಯಲಿನಲ್ಲಿ ಅದು ಕೆಲವು ಹತ್ತು ಮೀಟರ್ ಮುಟ್ಟಬಹುದು. ಎರಡು ಗೋಡೆ ಅಡ್ಡ ಬಂದರೆ ಹತ್ತು ಮೀಟರೂ ಕಷ್ಟ. ಈ ತರಂಗವನ್ನು ನೀರು ಹೀರಿಕೊಳ್ಳುತ್ತದೆ, ಲೋಹ ತಡೆದು ವಾಪಸು ಕಳಿಸುತ್ತದೆ. ಕಟ್ಟಡದ ಜಾಗದಲ್ಲಿ ಎರಡಕ್ಕೂ ಬರವಿಲ್ಲ. ಕ್ಯೂರಿಂಗಿಗೆ ನೀರುಣಿಸಿದ ಹಸಿ ಕಾಂಕ್ರೀಟು, ಹೆಣೆದ ಕಂಬಿ, ಸಾಲಾಗಿ ನಿಲ್ಲಿಸಿದ ಸೆಂಟ್ರಿಂಗ್ ಶೀಟು ಎಲ್ಲವೂ ಅದಕ್ಕೆ ಅಡ್ಡಿಯೇ. ಸರಿಯಾಗಿ ಮುಚ್ಚಿದ ಕಬ್ಬಿಣದ ಟೂಲ್ ಬಾಕ್ಸಿನೊಳಗೆ ಟ್ಯಾಗ್ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ.

ಕೇಳಿಸಿಕೊಳ್ಳುವ ಫೋನುಗಳ ಜಾಲ ಯಾರದು ಎಂಬುದು ಖರೀದಿಗೆ ಮೊದಲು ಕೇಳಬೇಕಾದ ಪ್ರಶ್ನೆ. ಆಪಲ್ ಕಂಪನಿ 2021ರ ಏಪ್ರಿಲ್‌ನಲ್ಲಿ ಏರ್‌ಟ್ಯಾಗ್ ಬಿಡುಗಡೆ ಮಾಡಿತು. ಭಾರತದಲ್ಲಿ ಅದರ ಮೊದಲ ಬೆಲೆ 3,190 ರೂಪಾಯಿ. ಅದರ ದನಿ ಕೇಳಿ ಜಾಗ ವರದಿ ಮಾಡುವುದು ಐಫೋನ್ ಮತ್ತಿತರ ಆಪಲ್ ಸಾಧನಗಳು ಮಾತ್ರ. ನಮ್ಮ ದೇಶದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸ್ಮಾರ್ಟ್‌ಫೋನುಗಳು ಆಂಡ್ರಾಯ್ಡಿನವು. ಗಾರೆ ಕೆಲಸದವರು, ಕಂಬಿ ಕಟ್ಟುವವರು, ಜಲ್ಲಿ ತರುವ ಡ್ರೈವರು ಇವರ ಜೇಬಿನಲ್ಲಿ ಐಫೋನು ಅಪರೂಪ. ಬೆಂಗಳೂರಿನ ಇಂದಿರಾನಗರದಲ್ಲಿ ಚೆನ್ನಾಗಿ ನಡೆಯುವ ಏರ್‌ಟ್ಯಾಗ್ ಕೊರಟಗೆರೆಯ ಒಂದು ಹಳ್ಳಿಯಲ್ಲಿ ದಿನಗಟ್ಟಲೆ ಮೌನವಾಗಿದ್ದರೆ ತಪ್ಪು ಟ್ಯಾಗಿನದಲ್ಲ.

ಆಂಡ್ರಾಯ್ಡ್ ಫೋನುಗಳ ಜಾಲವನ್ನು ಗೂಗಲ್ 2024ರ ಏಪ್ರಿಲ್‌ನಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಆರಂಭಿಸಿ, ನಂತರ ಬೇರೆ ದೇಶಗಳಿಗೂ ವಿಸ್ತರಿಸಿತು. ಈಗ ಅದರ ಹೆಸರು ಫೈಂಡ್ ಹಬ್. ಆ ಜಾಲಕ್ಕೆ ಹೊಂದುವ ಜಿಯೋಟ್ಯಾಗ್ ಗೋ ಭಾರತದ ಮಾರುಕಟ್ಟೆಗೆ ಬಂದದ್ದು 2024ರ ಕೊನೆಯಲ್ಲಿ, 1,499 ರೂಪಾಯಿ ಬೆಲೆಗೆ. ಫೋನುಗಳ ಸಂಖ್ಯೆಯೊಂದನ್ನೇ ನೋಡಿದರೆ ಹಳ್ಳಿಗಾಡಿಗೆ ಇದೇ ಸರಿ. ಆದರೆ ಇಲ್ಲೊಂದು ಕೊಕ್ಕೆ ಇದೆ. ಜನರ ಖಾಸಗಿತನ ಕಾಯಲೆಂದು ಗೂಗಲ್ ತನ್ನ ಜಾಲವನ್ನು ಮೊದಲಿನಿಂದಲೇ ‘ಹೆಚ್ಚು ಓಡಾಟದ ಸ್ಥಳಗಳಲ್ಲಿ ಮಾತ್ರ’ ಎಂಬ ಆಯ್ಕೆಯಲ್ಲಿ ಇಟ್ಟಿದೆ. ಅಂದರೆ ಒಂದೇ ಫೋನು ಟ್ಯಾಗಿನ ದನಿ ಕೇಳಿದರೆ ಸಾಲದು, ಹಲವು ಫೋನುಗಳು ಕೇಳಿದ ಮೇಲೆಯೇ ಜಾಗ ತೋರಿಸಲಾಗುತ್ತದೆ. ಬಸ್ ನಿಲ್ದಾಣದಲ್ಲಿ ಇದು ತೊಡಕಲ್ಲ. ದಿನಕ್ಕೆ ಎರಡು ಬೈಕು ಹೋಗುವ ಹೊಲದ ದಾರಿಯಲ್ಲಿ ಟ್ಯಾಗ್ ಕಾಣದೇ ಹೋಗುವುದು ಇದರಿಂದಲೇ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಈ ಆಯ್ಕೆಯನ್ನು ‘ಎಲ್ಲ ಸ್ಥಳಗಳಲ್ಲಿ’ ಎಂದು ಬದಲಿಸಲು ಬರುತ್ತದೆ. ಮೇಸ್ತ್ರಿಯೊಬ್ಬ ತನ್ನ ಜೊತೆಯವರ ಫೋನುಗಳಲ್ಲಾದರೂ, ಅವರು ಒಪ್ಪಿದರೆ, ಈ ಬದಲಾವಣೆ ಮಾಡಿಸಿಟ್ಟುಕೊಂಡರೆ ಟ್ಯಾಗಿಗೆ ಕೊಟ್ಟ ದುಡ್ಡು ಸ್ವಲ್ಪವಾದರೂ ದುಡಿಯುತ್ತದೆ.

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳನ್ನು ಈ ಕಣ್ಣಿನಿಂದ ನೋಡಿದರೆ ಒಂದೇ ಟ್ಯಾಗ್ ನಾಲ್ಕು ಕಡೆ ನಾಲ್ಕು ತರಹ ವರ್ತಿಸುವುದು ಸಹಜ ಅನ್ನಿಸುತ್ತದೆ. ಶಿರಾ ಪಟ್ಟಣ ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ. ಹಗಲು ರಾತ್ರಿ ಲಾರಿ, ಬಸ್ಸು, ಕಾರು. ಹೆದ್ದಾರಿಯ ಬದಿಯಲ್ಲಿ ಬಿದ್ದ ಟ್ಯಾಗನ್ನು ಯಾವುದೋ ಊರಿನ ಪ್ರಯಾಣಿಕರ ಫೋನುಗಳೇ ವರದಿ ಮಾಡುವ ಸಂಭವ ಹೆಚ್ಚು. ಅದೂ ವಾಹನ ವೇಗವಾಗಿ ಹೋಗುತ್ತಿದ್ದರೆ ಚುಕ್ಕೆ ನಿಜವಾದ ಜಾಗದಿಂದ ಅಷ್ಟಿಷ್ಟು ಸರಿದು ಬೀಳಬಹುದು. ಮಧುಗಿರಿ ಮತ್ತು ಕೊರಟಗೆರೆ ಪೇಟೆಗಳಲ್ಲೂ ಹಗಲು ಹೊತ್ತು ತೊಂದರೆಯಿಲ್ಲ. ಪೇಟೆ ದಾಟಿದ ಮೇಲೆ ಬಂಡೆ ಬೆಟ್ಟಗಳ ಸಾಲು ಶುರುವಾಗುತ್ತದೆ. ಬೆಟ್ಟದ ಮರೆಯಲ್ಲಿ ಟ್ಯಾಗಿನ ದನಿ ಫೋನಿಗೆ ತಲುಪಿದರೂ ಫೋನಿಗೇ ಮೊಬೈಲ್ ಟವರ್ ಸಿಕ್ಕದಿದ್ದರೆ, ಸುದ್ದಿ ಮುಂದೆ ಹೋಗಲು ಆ ಫೋನಿನವರು ಸಿಗ್ನಲ್ ಇರುವ ಜಾಗಕ್ಕೆ ಬರುವ ತನಕ ಕಾಯಬೇಕು.

ಪಾವಗಡದ ಸಂಗತಿ ಬೇರೆಯೇ. ತಿರುಮಣಿ, ವಳ್ಳೂರು, ರಾಯಚರ್ಲು, ಬಳಸಮುದ್ರ, ಕ್ಯಾತಗಾನಚರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ‘ಶಕ್ತಿ ಸ್ಥಳ’ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ ಪೂರ್ಣಗೊಂಡಿತು. ಇಷ್ಟು ವಿಶಾಲವಾದ ಬಯಲಿನಲ್ಲಿ ಬೋಲ್ಟು ಬಿಗಿಯುವ ಟಾರ್ಕ್ ಸ್ಪ್ಯಾನರು, ಕ್ಲ್ಯಾಂಪ್ ಮೀಟರು, ಕೇಬಲ್ ತುದಿ ಒತ್ತುವ ಕ್ರಿಂಪಿಂಗ್ ಟೂಲು ಒಂದು ಪ್ಯಾನೆಲ್ ಸಾಲಿನ ಕೆಳಗೆ ಉಳಿದುಬಿಟ್ಟರೆ ಹುಡುಕುವವರಿಗೆ ದಿಕ್ಕು ತೋಚುವುದಿಲ್ಲ. ಟ್ಯಾಗ್ ಹೆಚ್ಚು ಬೇಕಾದದ್ದು ಇಲ್ಲೇ, ದಾರಿಹೋಕರ ಫೋನು ಕಡಿಮೆಯಿರುವುದೂ ಇಲ್ಲೇ. ತುಮಕೂರು–ರಾಯದುರ್ಗ ರೈಲು ಮಾರ್ಗದ ಕಾಮಗಾರಿಯಂಥ ಉದ್ದನೆಯ ಕೆಲಸಗಳಲ್ಲೂ ಇದೇ ಪಾಡು. ಆ ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳನ್ನು ಹಾದುಹೋಗುವುದು ಬಹುಪಾಲು ಹೊಲ, ಗುಡ್ಡ, ಹಳ್ಳಗಳ ನಡುವೆ.

ಇಂಥ ಕಡೆ ಪರರ ಫೋನು ನಂಬುವ ಬದಲು ಸ್ವಂತ ಕಿವಿ ಇಟ್ಟುಕೊಳ್ಳುವುದೇ ದಾರಿ. ದೊಡ್ಡ ಸಲಕರಣೆ ಕಂಪನಿಗಳು ಈ ಹಾದಿಯನ್ನು ಮೊದಲೇ ಹಿಡಿದವು. ಲಿಚ್‌ಟೆನ್‌ಸ್ಟೈನಿನ ಹಿಲ್ಟಿ ಕಂಪನಿಯ ಆನ್‌ಟ್ರ್ಯಾಕ್ ವ್ಯವಸ್ಥೆಯಲ್ಲಿ ಸ್ಟೋರಿನಲ್ಲೋ ವ್ಯಾನಿನಲ್ಲೋ ಒಂದು ಗೇಟ್‌ವೇ ಪೆಟ್ಟಿಗೆ ಕೂರಿಸುತ್ತಾರೆ. ಟ್ಯಾಗ್ ಹಾಕಿದ ಮಿಷನ್ ಅದರ ಹತ್ತಿರ ಬಂದಾಗಲೆಲ್ಲ ದಾಖಲೆಯಾಗುತ್ತದೆ. ಅಮೆರಿಕದ ಮಿಲ್ವಾಕಿ ಕಂಪನಿಯ ವನ್-ಕೀ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಕೆಲವು ಡ್ರಿಲ್ಲುಗಳ ಒಳಗೇ ರೇಡಿಯೋ ಇದ್ದು, ಕಳುವಾದ ಮಿಷನ್ ಓಡದಂತೆ ಬೀಗ ಹಾಕಲೂ ಆಗುತ್ತದೆ. ಮಧುಗಿರಿಯ ಸಣ್ಣ ಗುತ್ತಿಗೆದಾರನಿಗೆ ಇಷ್ಟು ಬೇಕಿಲ್ಲ. ಇಎಸ್‌ಪಿ32 ಎಂಬ ಚಿಪ್ ಕೂರಿಸಿದ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬ್ಲೂಟೂತ್ ದನಿ ಕೇಳಿ ವೈಫೈ ಮೂಲಕ ದಾಟಿಸುವುದು ಅದಕ್ಕೆ ಬರುತ್ತದೆ. ಎಲೆಕ್ಟ್ರಾನಿಕ್ಸ್ ಓದಿದ ಡಿಪ್ಲೊಮಾ ಹುಡುಗನೊಬ್ಬ ಸಾಮಾನು ಶೆಡ್ಡಿನ ಬಾಗಿಲಿಗೆ ಇಂಥದ್ದೊಂದನ್ನು ಕೂರಿಸಿಕೊಟ್ಟರೆ, ಸಂಜೆ ಆರಕ್ಕೆ ಯಾವ ಮಿಷನ್ ಒಳಗೆ ಬಂದಿದೆ, ಯಾವುದು ಬಂದಿಲ್ಲ ಎಂಬ ಪಟ್ಟಿ ತಾನಾಗಿ ತಯಾರಾಗುತ್ತದೆ. ಆದರೆ ಇದಕ್ಕೆ ಒಂದೇ ಗುರುತಿನ ಸಂಖ್ಯೆ ಸಾರುವ ಸಾದಾ ಬೀಕನ್ ಬೇಕು. ಏರ್‌ಟ್ಯಾಗಿನಂಥವು ಗುರುತನ್ನು ಆಗಾಗ ಬದಲಿಸುತ್ತಿರುವುದರಿಂದ ಹೊರಗಿನ ಬೋರ್ಡಿಗೆ ಅವು ಪ್ರತಿ ಸಲ ಹೊಸಬರಂತೆ ಕಾಣುತ್ತವೆ.

ಕಾಣದ ಮಿಷನ್ನೆಲ್ಲ ಕಳುವಾದದ್ದಲ್ಲ. ಒಬ್ಬ ಮೇಸ್ತ್ರಿ ಒಂದೇ ಹೊತ್ತಿಗೆ ಒಂದು ಕಡೆ ಪಾಯ, ಇನ್ನೊಂದು ಕಡೆ ಮೋಲ್ಡು, ಮತ್ತೊಂದು ಕಡೆ ಟೈಲ್ಸ್ ಕೆಲಸ ನಡೆಸುತ್ತಿರುತ್ತಾನೆ. ಕಟಿಂಗ್ ಮಿಷನ್, ಬ್ರೇಕರ್, ವೈಬ್ರೇಟರ್ ಇವು ಟಾಟಾ ಏಸಿನಲ್ಲೋ ಬೈಕಿನ ಹಿಂದೆಯೋ ಈ ಜಾಗಗಳ ನಡುವೆ ಸುತ್ತುತ್ತಿರುತ್ತವೆ. ಯಾರು ಯಾವಾಗ ಎಲ್ಲಿಗೆ ಒಯ್ದರು ಎಂಬುದು ಬಾಯಿ ಮಾತಿನ ಲೆಕ್ಕ. ಆ ಲೆಕ್ಕ ತಪ್ಪಿದಾಗ ಅರ್ಧ ದಿನದ ಕೆಲಸ ನಿಲ್ಲುತ್ತದೆ, ಕೂಲಿ ಮಾತ್ರ ನಿಲ್ಲುವುದಿಲ್ಲ. ಇಂಥ ಹುಡುಕಾಟದಲ್ಲಿ ಕೊನೆಯ ಬಾರಿ ಎಲ್ಲಿ ಕಂಡಿತ್ತು ಎಂಬ ಒಂದು ಸಾಲಿನ ಸುದ್ದಿಯೇ ಸಾಕು. ಟ್ಯಾಗಿನ ನಿಜವಾದ ಉಪಯೋಗ ಇದೇ. ಕಳ್ಳನನ್ನು ಹಿಡಿಯುವ ಯಂತ್ರವೆಂದು ಕೊಳ್ಳುವವರಿಗೆ ನಿರಾಸೆಯಾಗುವುದೇ ಹೆಚ್ಚು.

ಎಲ್ಲ ಸಾಮಾನಿಗೂ ಟ್ಯಾಗ್ ಹಾಕುವುದು ದಂಡ. ಕರಣೆ, ರಸಮಟ್ಟ, ತೂಕಗುಂಡು, ಬಾಂಡ್ಲಿಗಳಿಗೆ ಹಳೆಯ ಕಾಲದಂತೆ ಬಣ್ಣದ ಗುರುತೇ ಸಾಕು. ನೂರಾರು ಜಾಕಿ, ಶೀಟುಗಳನ್ನು ಎಣಿಸಿಯೇ ಕೊಟ್ಟು ಎಣಿಸಿಯೇ ಪಡೆಯಬೇಕು. ಎರಡು ಮೂರು ಸಾವಿರದ ಸಣ್ಣ ಗ್ರೈಂಡರಿಗೆ ಒಂದೂವರೆ ಸಾವಿರದ ಟ್ಯಾಗ್ ಹಾಕುವುದರಲ್ಲಿ ಅರ್ಥವಿಲ್ಲ. ದೊಡ್ಡ ಬ್ರೇಕರ್, ಕೋರ್ ಕಟಿಂಗ್ ಮಿಷನ್, ವೆಲ್ಡಿಂಗ್ ಸೆಟ್ಟು, ಲೇಸರ್ ಲೆವೆಲ್ಲು, ಸರ್ವೆಯವರ ಟೋಟಲ್ ಸ್ಟೇಷನ್ನು ಇವು ಟ್ಯಾಗಿಗೆ ತಕ್ಕ ಸಾಮಾನು. ಜೆಸಿಬಿ, ಟಿಪ್ಪರುಗಳಿಗೆ ಮಾತ್ರ ಬ್ಲೂಟೂತ್ ಬೇಡ. ಗಾಡಿಯ ಬ್ಯಾಟರಿಯಿಂದಲೇ ನಡೆಯುವ, ಸಿಮ್ ಇರುವ ಜಿಪಿಎಸ್ ಅವಕ್ಕೆ ಸರಿ.

ಅಂಟಿಸುವುದರಲ್ಲೂ ಒಂದು ಹದವಿದೆ. ಲೋಹದ ಮೈಗೆ ಒತ್ತಿ ಕೂರಿಸಿದರೆ ಸಿಗ್ನಲ್ ಕುಗ್ಗುತ್ತದೆ. ಪ್ಲಾಸ್ಟಿಕ್ ಹಿಡಿಕೆಯ ಹಿಂಬದಿ ಅಥವಾ ಮಿಷನ್ನಿನ ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳದ ಒಳಭಾಗ ಉತ್ತಮ. ಬ್ರೇಕರಿನ ಅದುರಾಟಕ್ಕೆ ಸಾದಾ ಟೇಪು ನಿಲ್ಲುವುದಿಲ್ಲ, ಒಳಗಿನ ಸೆಲ್ಲೂ ಅಲುಗಾಡಿ ಸಂಪರ್ಕ ತಪ್ಪಬಹುದು. ಹಾಗಾಗಿ ರಬ್ಬರಿನ ಕವಚದೊಳಗಿಟ್ಟು ಕಟ್ಟುವುದು ಮೇಲು. ಏರ್‌ಟ್ಯಾಗಿಗೆ ಹೇಳಿರುವ ಗರಿಷ್ಠ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ತಿಂಗಳಲ್ಲಿ ಪಾವಗಡದ ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯೊಳಗೆ ಅದರ ಹತ್ತಿರಕ್ಕೆ ಹೋಗುವುದು ಕಷ್ಟವೇನಲ್ಲ. ಸೆಲ್ ಬದಲಿಸುವಾಗ ಎರಡು ಸಂಗತಿ ನೆನಪಿರಬೇಕು. ಮಕ್ಕಳು ನುಂಗದಿರಲೆಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಹಚ್ಚುತ್ತವೆ. ಕೆಲವು ಟ್ಯಾಗುಗಳಲ್ಲಿ ಅಂಥ ಸೆಲ್ ಕೆಲಸ ಮಾಡದೇ ಇರಬಹುದು. ಇನ್ನೊಂದು, ತೆಗೆದ ಹಳೆಯ ಸೆಲ್ಲನ್ನು ಅಲ್ಲೇ ಎಸೆಯಬಾರದು. ಲೇಬರ್ ಶೆಡ್ಡುಗಳ ಸುತ್ತ ಮಕ್ಕಳು ಆಡುತ್ತಿರುತ್ತಾರೆ, ನುಂಗಿದ ಸೆಲ್ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಟ್ಯಾಗ್ ಇರುವ ಸಂಗತಿಯನ್ನು ಕೆಲಸಗಾರರಿಗೆ ಮುಂಚೆಯೇ ಹೇಳಿಬಿಡಬೇಕು. ಇದು ಬರೀ ಮರ್ಯಾದೆಯ ಮಾತಲ್ಲ. ಜನರನ್ನು ಕದ್ದು ಹಿಂಬಾಲಿಸಲು ಟ್ಯಾಗ್ ಬಳಕೆಯಾದ ಪ್ರಕರಣಗಳ ನಂತರ ಆಪಲ್ ಮತ್ತು ಗೂಗಲ್ ಸೇರಿ ಒಂದು ಮಾನದಂಡ ರೂಪಿಸಿದವು. 2024ರ ಮೇ ತಿಂಗಳಿಂದ, ಪರರ ಟ್ಯಾಗ್ ತಮ್ಮೊಂದಿಗೆ ಸಾಗುತ್ತಿದ್ದರೆ ಐಫೋನೂ ಆಂಡ್ರಾಯ್ಡ್ ಫೋನೂ ಎಚ್ಚರಿಸುತ್ತವೆ. ಮಾಲೀಕನಿಂದ ದೂರವಾದ ಏರ್‌ಟ್ಯಾಗ್ 8ರಿಂದ 24 ಗಂಟೆಯೊಳಗೆ, ಅಲುಗಿಸಿದಾಗ ತಾನೇ ಸದ್ದು ಮಾಡುತ್ತದೆ. ಮರುದಿನದ ಕೆಲಸಕ್ಕೆಂದು ಡ್ರಿಲ್ಲನ್ನು ಮನೆಗೊಯ್ದ ಹುಡುಗನ ಫೋನಿನಲ್ಲಿ ರಾತ್ರಿ ಈ ಎಚ್ಚರಿಕೆ ಬಂದರೆ ಅವನಿಗೆ ಗಾಬರಿಯಾಗದೆ ಇರದು. ನಿಜವಾಗಿ ಕದ್ದವನಿಗೂ ಅದೇ ಎಚ್ಚರಿಕೆ ಹೋಗುತ್ತದೆ. ಟ್ಯಾಗ್ ಕಿತ್ತು ಚರಂಡಿಗೆಸೆಯಲು ಅವನಿಗೆ ಅಷ್ಟು ಸಮಯ ಸಾಕು.

ಚುಕ್ಕೆ ಇನ್ನೂ ಕಾಣುತ್ತಿದ್ದರೆ ಅಲ್ಲಿಗೆ ಒಬ್ಬರೇ ಹೋಗಿ ಜಗಳ ತೆಗೆಯುವುದು ಜಾಣತನವಲ್ಲ. ಪಟ್ಟಣದ ಒತ್ತಾದ ಮನೆಗಳ ನಡುವೆ ಆ ಚುಕ್ಕೆ ಪಕ್ಕದ ಮನೆಯ ಮೇಲೆ ಬಿದ್ದಿರಲೂಬಹುದು. ಪಾವಗಡದವರಿಗೆ ಇನ್ನೊಂದು ತೊಡಕಿದೆ. ತಾಲ್ಲೂಕಿನ ಬಹುಪಾಲು ಗಡಿ ಆಂಧ್ರದೊಂದಿಗೆ ಇರುವುದರಿಂದ ಕಳುವಾದ ಮಿಷನ್ ಮಡಕಶಿರಾದಲ್ಲೋ ಹಿಂದೂಪುರದಲ್ಲೋ ಕಾಣಿಸಿಕೊಳ್ಳಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ದೂರಿನ ಜೊತೆ ಮೊಬೈಲ್ ಪರದೆಯ ಚಿತ್ರ, ಅದರಲ್ಲಿ ಕಂಡ ದಿನಾಂಕ ಮತ್ತು ವೇಳೆ ಕೊಟ್ಟರೆ ಪೊಲೀಸರಿಗೆ ಹುಡುಕಲು ಒಂದು ದಾರಿ ಸಿಗುತ್ತದೆ. ಆದರೆ ಪತ್ತೆಯಾದ ಮಿಷನ್ ತನ್ನದೇ ಎಂದು ತೋರಿಸಲು ಟ್ಯಾಗ್ ಸಾಲದು. ಅದಕ್ಕೆ ಅಂಗಡಿಯ ಬಿಲ್ಲು ಮತ್ತು ಮಿಷನ್ನಿನ ಮೈಮೇಲಿನ ಸೀರಿಯಲ್ ನಂಬರು ಬೇಕು. ಧೂಳು, ಸಿಮೆಂಟು ಮೆತ್ತಿ ಆ ನಂಬರು ಅಳಿಸುವ ಮೊದಲೇ, ಕೊಂಡ ದಿನವೇ ಅದರ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.