ಕೇರೆ ಹಾವು: ಕೇಳಿ ನಂಬಿದ್ದು, ಕಂಡು ತಿಳಿದದ್ದು

ಮಳೆ ಹಿಡಿಯಿತೆಂದರೆ ಮುಂಬಯಿಯ ಬೊರಿವಲಿ, ಗೋರೆಗಾಂವ್, ಮುಲುಂಡ್ ಕಡೆಯ ಸೊಸೈಟಿಗಳಲ್ಲಿ ‘ಸಾಪ್, ಸಾಪ್’ (ಹಾವು, ಹಾವು) ಎಂಬ ಕೂಗು ಏಳುತ್ತದೆ. ವಾಚ್‌ಮನ್ ದೊಣ್ಣೆ ಹಿಡಿದು ಓಡಿ ಬರುತ್ತಾನೆ. ಎಷ್ಟೋ ಸಲ ಪೆಟ್ಟು ಬೀಳುವುದು ಕೇರೆಯ ಮೇಲೆ. ಮರಾಠಿಯಲ್ಲಿ ಇದೇ ಧಾಮಣ್. ವಿಷವಿಲ್ಲದ ಈ ಹಾವಿನ ಜೀವ ಹೋಗುವುದು ನಾವು ನಂಬಿಕೊಂಡು ಬಂದ ಕತೆಗಳಿಂದ.

ತಪ್ಪು ಕಲ್ಪನೆ: ಇದು ನ್ಯಾಷನಲ್ ಪಾರ್ಕಿನಿಂದ ದಾರಿ ತಪ್ಪಿ ಬಂದ ಕಾಡುಹಾವು.

ಸತ್ಯ: ನೂರು ಚದರ ಕಿಲೋಮೀಟರ್ ಮೀರಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕೇರೆ ಇದೆ, ನಿಜ. ಆದರೆ ಇಲಿ, ಕಪ್ಪೆ, ಓತಿ ಸಿಗುವ ಕಡೆಯೆಲ್ಲ ಅದಕ್ಕೆ ಬದುಕುಂಟು. ಗದ್ದೆಯ ಬದು, ನಾಲೆಯ ದಂಡೆ, ರೈಲು ಹಳಿಯ ಪಕ್ಕದ ಪೊದೆ, ಕಟ್ಟಡದ ಹಿಂದಿನ ಕಲ್ಲುರಾಶಿ ಎಲ್ಲವೂ ಅದರ ನೆಲೆಯೇ. ಎಷ್ಟೋ ಸಲ ಇಲಿಯ ಬಿಲವೇ ಅದರ ಮನೆ. ಬೇಟೆಯನ್ನು ಅದು ಮೈಭಾರದಿಂದ ನೆಲಕ್ಕೊತ್ತಿ ನುಂಗಿಬಿಡುತ್ತದೆ.

ತಪ್ಪು ಕಲ್ಪನೆ: ಕೇರೆ ನಾಗರಹಾವಿನ ಜೋಡಿ.

ಸತ್ಯ: ಎರಡರ ಕುಟುಂಬವೇ ಬೇರೆ, ಅವುಗಳ ನಡುವೆ ಸಂತಾನವಾಗುವುದಿಲ್ಲ. ಕೇರೆಯಲ್ಲೇ ಗಂಡೂ ಇದೆ, ಹೆಣ್ಣೂ ಇದೆ. ನಾಗರಹಾವು ಸಿಕ್ಕಿದರೆ ಕೇರೆಯನ್ನು ತಿನ್ನುವುದೂ ಉಂಟು. ಎರಡು ಹಾವು ಹೆಣೆದುಕೊಂಡು ಮೇಲೆದ್ದು ‘ಮಿಲನ’ ನಡೆಸಿವೆ ಎಂದು ಜನ ಕೈಮುಗಿಯುವ ನೋಟ ಬಹುಪಾಲು ಎರಡು ಗಂಡು ಕೇರೆಗಳ ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಅದುಮಲು ನೋಡುತ್ತದೆ. ಸೋತದ್ದು ಸರಿದು ಹೋಗುತ್ತದೆ.

ತಪ್ಪು ಕಲ್ಪನೆ: ತಬೇಲಕ್ಕೆ ನುಗ್ಗಿ ಎಮ್ಮೆಯ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ.

ಸತ್ಯ: 1949ರಲ್ಲಿ ಶುರುವಾದ ಆರೆ ಮಿಲ್ಕ್ ಕಾಲೊನಿಯ ಕೊಟ್ಟಿಗೆಗಳನ್ನು ನೆನೆಯಿರಿ. ಹಿಂಡಿ, ಬೂಸಾದ ಮೂಟೆಗೆ ಇಲಿ ಬರುತ್ತದೆ, ಇಲಿಯ ಜಾಡು ಹಿಡಿದು ಕೇರೆ ಬರುತ್ತದೆ. ಕೊಟ್ಟಿಗೆಯಲ್ಲಿ ಹಾವು ಕಂಡವರು ಕೆಚ್ಚಲಿಗೆ ಗಂಟು ಹಾಕಿದರು, ಅಷ್ಟೇ. ಹೀರಲು ಬೇಕಾದ ತುಟಿ ಹಾವಿಗಿಲ್ಲ. ಸೂಜಿಯಂಥ ಹಲ್ಲುಗಳು ಒಳಮುಖವಾಗಿ ಬಾಗಿವೆ. ಅವು ಮೊಲೆಗೆ ನಾಟಿದರೆ ಯಾವ ಎಮ್ಮೆಯೂ ಒದೆಯದೆ ನಿಲ್ಲದು.

ತಪ್ಪು ಕಲ್ಪನೆ: ಕೇರೆಯ ಬಾಲದಲ್ಲಿ ವಿಷದ ಮುಳ್ಳಿದೆ, ಹೊಡೆದ ಜಾಗ ಕೊಳೆಯುತ್ತದೆ.

ಸತ್ಯ: ಬಾಲದಲ್ಲಿ ಮುಳ್ಳೂ ಇಲ್ಲ, ವಿಷವೂ ಇಲ್ಲ. ಕೈಗೆ ಸಿಕ್ಕಿಬಿದ್ದರೆ ಮಾತ್ರ ಕೇರೆ ಬಲವಾಗಿ ಕಚ್ಚುತ್ತದೆ, ಗಂಟಲು ಉಬ್ಬಿಸಿ ಗುರುಗುಟ್ಟುತ್ತದೆ. ಆ ಉಬ್ಬಿದ ಕುತ್ತಿಗೆಯನ್ನೇ ಹೆಡೆಯೆಂದು ತಿಳಿದು ಜನ ಹೊಡೆಯುತ್ತಾರೆ. ದೂರದಿಂದಲೇ ಗಮನವಿಟ್ಟು ನೋಡಿ: ದೊಡ್ಡ ದುಂಡು ಕಣ್ಣು, ತುಟಿಯಂಚಿನ ಹುರುಪೆಗಳ ನಡುವೆ ಮಸಿಯಲ್ಲಿ ಎಳೆದಂತೆ ಕಪ್ಪು ಗೆರೆ, ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟೆ. ಹಗಲಲ್ಲಿ ಚುರುಕಾಗಿ ಓಡಾಡುವ, ಆರಡಿ ಮೀರಿ ಬೆಳೆಯುವ ಹಾವು ಇದು. ಆದರೂ ಕಚ್ಚಿದ್ದು ಯಾವ ಹಾವೆಂಬ ಅನುಮಾನ ಉಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲಗಳೂ ಈ ಊರಲ್ಲಿವೆ.

ತಪ್ಪು ಕಲ್ಪನೆ: ಹಾವು ಸತ್ತರೆ ನಮಗೇನು ನಷ್ಟ?

ಸತ್ಯ: 1896ರಲ್ಲಿ ಮಾಂಡ್ವಿಯ ಗೋದಾಮುಗಳ ಸುತ್ತ ಕಾಣಿಸಿಕೊಂಡ ಪ್ಲೇಗು ಇಡೀ ಮುಂಬಯಿಯನ್ನು ನಡುಗಿಸಿತು. ಅದನ್ನು ಹೊತ್ತು ತಂದದ್ದು ಇಲಿಯ ಮೈಮೇಲಿನ ಚಿಗಟ. ಆ ಸಂಕಟದಲ್ಲೇ ಹುಟ್ಟಿದ್ದು ಪರೇಲಿನ ಹಾಫ್‌ಕಿನ್ ಸಂಸ್ಥೆ. ಇಂದಿಗೂ ಮಳೆನೀರು ನಿಂತಾಗ ಇಲಿಯ ಮೂತ್ರದಿಂದ ಲೆಪ್ಟೊ ಜ್ವರ ಹರಡುತ್ತದೆ. ಊರಿನ ಇಲಿಗಳನ್ನೆಲ್ಲ ಕೇರೆಯೊಂದೇ ಮುಗಿಸದು. ಕಸ ತೆಗೆಯುವ ಕೆಲಸ ನಮ್ಮದೇ. ಆದರೆ ಮನುಷ್ಯನ ಕೈ ಹೋಗದ ಬಿಲದೊಳಕ್ಕೆ ಕೇರೆ ಹೋಗುತ್ತದೆ, ಮರಿಗಳನ್ನೂ ಬಿಡದೆ ನುಂಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇರೆಯನ್ನು ಕೊಲ್ಲುವುದು ಅಪರಾಧ. ಹಾವು ಕಂಡರೆ ಮಕ್ಕಳನ್ನು ದೂರ ಸರಿಸಿ, ಅದು ಹೊರಟುಹೋಗಲು ದಾರಿ ಬಿಡಿ. ಮನೆಯೊಳಗೆ ಸೇರಿಕೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಆಮೇಲೆ ಕಟ್ಟಡದ ಹಿಂದೆ ಹೋಗಿ, ಅದನ್ನು ಕರೆತಂದ ಇಲಿಬಿಲಗಳೆಷ್ಟಿವೆ ಎಂದು ಎಣಿಸಿ ನೋಡಿ.